ಒಳ್ಳೆಯದಕ್ಕೆ ದನಿ, ತಪ್ಪಿಗೆ ಕಾಗದ: ಅಪಾರ್ಟ್‌ಮೆಂಟಿನಲ್ಲೊಂದು ಚೀನೀ ಊರೊಪ್ಪಂದ

ಕನ್ಫ್ಯೂಷಿಯಸ್‌ನ ಸೂಕ್ತಿಗಳನ್ನು ಲಿಫ್ಟಿನ ಪಕ್ಕ ಅಂಟಿಸಿದ ಮಾತ್ರಕ್ಕೆ ಅಪಾರ್ಟ್‌ಮೆಂಟಿನ ಜಗಳ ನಿಲ್ಲುವುದಿಲ್ಲ. ಬೆಂಗಳೂರಿನ ನಮ್ಮ ಬ್ಲಾಕಿನಲ್ಲಿ ಕೆಲಸಕ್ಕೆ ಬಂದದ್ದು, ಅವನ ದಾರಿ ಹಿಡಿದವರು ಹದಿನೈದು ಶತಮಾನ ಕಳೆದ ಮೇಲೆ ಕಟ್ಟಿದ ಊರೊಪ್ಪಂದ. 1076ರಲ್ಲಿ, ಚೀನಾದ ಶಿಆನ್ ನಗರದ ಹತ್ತಿರದ ಲಾಂಟಿಯನ್‌ನಲ್ಲಿ ಲ್ಯೂ ದಾಜುನ್ ಮತ್ತು ಅವನ ಸೋದರರು ಬರೆದದ್ದು. ಅದರಲ್ಲಿ ನಾಲ್ಕೇ ಕಲಮು: ಒಳ್ಳೆಯದಕ್ಕೆ ಹುರಿದುಂಬಿಸುವುದು, ತಪ್ಪನ್ನು ತಿದ್ದುವುದು, ರೀತಿ ರಿವಾಜಿನಲ್ಲಿ ಕೂಡಿ ನಡೆಯುವುದು, ಕಷ್ಟಕ್ಕೆ ಆಗುವುದು. ಮುಂದೆ ಹನ್ನೆರಡನೇ ಶತಮಾನದ ಕನ್ಫ್ಯೂಷಿಯನ್ ಪಂಡಿತ ಜು ಶಿ ಇದನ್ನು ಪರಿಷ್ಕರಿಸಿದ. ಹದಿನಾರನೇ ಶತಮಾನದ ಆರಂಭದಲ್ಲಿ ಅದೇ ಪರಂಪರೆಯ ಚಿಂತಕ ವಾಂಗ್ ಯಾಂಗ್‌ಮಿಂಗ್, ದಕ್ಷಿಣ ಜಿಯಾಂಗ್‌ಶಿಯ ಅಧಿಕಾರಿಯಾಗಿ ದರೋಡೆಕೋರರನ್ನು ಅಡಗಿಸಿದ ಬಳಿಕ, ಅದಕ್ಕೆ ತನ್ನದೇ ರೂಪ ಕೊಟ್ಟ. ನಾವು ಮೂವರಿಂದಲೂ ಬೇಕಾದಷ್ಟನ್ನು ಎತ್ತಿಕೊಂಡಿದ್ದೇವೆ.

ಇಪ್ಪತ್ತರಿಂದ ಮೂವತ್ತು ಮನೆಗೆ ಒಂದು ಒಪ್ಪಂದ ಸಾಕು. ಅದಕ್ಕಿಂತ ದೊಡ್ಡದಾದರೆ ಮುಖ ಪರಿಚಯ ಇರುವುದಿಲ್ಲ, ಮುಖ ಪರಿಚಯವಿಲ್ಲದ ಕಡೆ ಸಂಕೋಚ ಎಂಬುದು ಕೆಲಸ ಮಾಡುವುದಿಲ್ಲ. ಸೇರುವುದು ಅವರವರ ಇಷ್ಟ. ಇದನ್ನು ಅಸೋಸಿಯೇಷನ್ನಿನ ಬೈಲಾಗೆ ಸೇರಿಸಲೇಬೇಡಿ. ತಿಂಗಳ ಜವಾಬ್ದಾರಿ ಸರದಿಯ ಮೇಲೆ ಹೋಗುತ್ತದೆ. ಲ್ಯೂ ಸೋದರರ ಮೂಲ ಒಪ್ಪಂದದಲ್ಲಿ ಸ್ಥಾನಮಾನ ನೋಡದೆ ವಯಸ್ಸಿನ ಕ್ರಮದಲ್ಲಿ ತಿಂಗಳಿಗೊಬ್ಬರು ಎಂದಿದೆ. ನಾವು ಫ್ಲ್ಯಾಟ್ ನಂಬರಿನ ಕ್ರಮ ಇಟ್ಟುಕೊಂಡಿದ್ದೇವೆ. ಮಾಲೀಕರು, ಬಾಡಿಗೆಯವರು ಎಂಬ ಭೇದವಿಲ್ಲ. ಮೂಲದಲ್ಲಿ ಹೆಂಗಸರಿಗೆ ಸರದಿ ಇರಲಿಲ್ಲ, ಹಿರಿತನದ ಪ್ರಕಾರ ಕೂರಿಸುವ ಪದ್ಧತಿ ಬೇರೆ; ಅವೆರಡನ್ನೂ ಕೈಬಿಟ್ಟೆವು.

ಜು ಶಿ ಹೇಳಿದಂತೆ ಮೂರು ಪುಸ್ತಕ ಬೇಕು. ಒಂದರಲ್ಲಿ ಸದಸ್ಯರ ಹೆಸರು, ಇನ್ನೊಂದರಲ್ಲಿ ಒಳ್ಳೆಯ ಕೆಲಸ, ಮೂರನೆಯದರಲ್ಲಿ ತಪ್ಪು. ಗೂಗಲ್ ಶೀಟ್ ಬೇಡ, ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ಕೇ ಇರಲಿ. ಕಾರಣ, ಇಡೀ ಪದ್ಧತಿ ನಿಂತಿರುವುದು ಈ ಪುಸ್ತಕಗಳನ್ನು ಸಭೆಯಲ್ಲಿ ಹೇಗೆ ಬಳಸುತ್ತೇವೆ ಎಂಬುದರ ಮೇಲೆ.

ಸಭೆ ತಿಂಗಳಿಗೊಮ್ಮೆ, ಭಾನುವಾರ ಸಂಜೆ, ಒಂದು ಗಂಟೆ. ಮೊದಲು ತಿಂಡಿ, ಆಮೇಲೆ ಮಾತು. ಮನೆಗೆ ಐವತ್ತು ರೂಪಾಯಿ, ಮಂಡಕ್ಕಿ ಕಾಫಿಗೆ ಸಾಲುತ್ತದೆ. ವಾಂಗ್ ಕೂಡ ತಲೆಗೆ ಇಷ್ಟು ಬೆಳ್ಳಿ ಎಂದು ಗೊತ್ತುಮಾಡಿ, ಊಟ ಆಡಂಬರವಾಗದಿರಲಿ, ಹಸಿವು ಬಾಯಾರಿಕೆ ನೀಗಿದರೆ ಸಾಕು ಎಂದು ಬರೆದಿದ್ದಾನೆ. ನಂತರ ತಿಂಗಳ ಜವಾಬ್ದಾರಿಯವರು ಒಳ್ಳೆಯ ಕೆಲಸದ ಪುಸ್ತಕವನ್ನು ಎದ್ದುನಿಂತು ಜೋರಾಗಿ ಓದುತ್ತಾರೆ. ‘ಸಂಪು ತುಂಬಿ ಹರಿಯುತ್ತಿದ್ದಾಗ ಬೆಳಗಿನ ಜಾವ ಐದಕ್ಕೆ ಇಳಿದು ಬಂದು ಮೋಟರ್ ನಿಲ್ಲಿಸಿದವರು 204ರವರು.’ ಹೆಸರು ಸಮೇತ, ಯಾವ ಕೆಲಸ ಎಂಬುದು ಸ್ಪಷ್ಟವಾಗಿ. ‘ಎಲ್ಲರೂ ಸಹಕರಿಸಿದರು’ ಎಂಬ ಸಾಲು ಬಂದರೆ ಹೊಡೆದುಹಾಕಿ, ಅದರಿಂದ ಯಾರ ಮುಖವೂ ಅರಳುವುದಿಲ್ಲ.

ತಪ್ಪಿನ ಪುಸ್ತಕವನ್ನು ಮಾತ್ರ ಯಾರೂ ಓದಿ ಹೇಳುವಂತಿಲ್ಲ. ಅದು ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಮನಸ್ಸಿನಲ್ಲೇ ಓದಿ ಪಕ್ಕದವರಿಗೆ ದಾಟಿಸುತ್ತಾರೆ. ಇದು ಜು ಶಿಯ ಏರ್ಪಾಟು, ನನ್ನ ಲೆಕ್ಕದಲ್ಲಿ ಇಡೀ ಒಪ್ಪಂದದ ಜೀವ. ತಪ್ಪು ಮಾಡಿದವರೂ ಅದೇ ಸಾಲನ್ನು ಓದಿ ದಾಟಿಸಬೇಕು. ಯಾರೂ ದನಿ ಎತ್ತದ ಕಡೆ ಎದುರುತ್ತರ ಕೊಡಲು ಜಾಗವೇ ಇರುವುದಿಲ್ಲ. ಅದೇ ದೂರು ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಸಮೇತ ಬಿದ್ದರೆ ನಲವತ್ತು ಮೆಸೇಜು, ಮರುದಿನದಿಂದ ಮಾತು ಬಂದ್. ಹಾಗಾಗಿ ನಮ್ಮಲ್ಲಿ ಗ್ರೂಪಿಗೆ ಹೋದ ದೂರು ಪುಸ್ತಕಕ್ಕೆ ಬರುವುದಿಲ್ಲ.

ಬರೆಯುವ ಧಾಟಿಗೆ ವಾಂಗ್‌ನ ಸೂತ್ರ ಹಿಡಿಯಬೇಕು. ಹೊಗಳಿಕೆ ನೇರ, ತಪ್ಪು ಮೆದು. ಯಾರಾದರೂ ಅಣ್ಣನಿಗೆ ಮರ್ಯಾದೆ ಕೊಡದಿದ್ದರೆ ಹಾಗೆಂದೇ ಬರೆಯಬಾರದು. ‘ಹಿರಿಯರ ವಿಷಯದಲ್ಲಿ ನಡತೆ ಸ್ವಲ್ಪ ಸಾಲದು ಎಂದು ಕೇಳಿದ್ದೇವೆ, ನಂಬುವ ಧೈರ್ಯವಿಲ್ಲ, ಸದ್ಯಕ್ಕೆ ಬರೆದಿಟ್ಟು ಕಾಯುತ್ತೇವೆ’ ಎನ್ನಬೇಕು ಎಂಬುದು ಅವನ ಮಾದರಿ. ನಮ್ಮ ಪುಸ್ತಕದಲ್ಲಿ ಅದು ಹೀಗೆ ಇಳಿಯುತ್ತದೆ: ‘ಮೂರನೇ ಮಹಡಿಯಲ್ಲಿ ರಾತ್ರಿ ಹನ್ನೊಂದರ ಮೇಲೆ ಮಿಕ್ಸಿ ಸದ್ದು ಬರುತ್ತದೆಂದು ಕೇಳಿದ್ದೇವೆ. ಖಚಿತವಿಲ್ಲ. ಮುಂದಿನ ತಿಂಗಳು ನೋಡೋಣ.’ ಕಂಡದ್ದು, ಸಮಯ, ಜಾಗ, ಇಷ್ಟೇ. ‘ಯಾವಾಗಲೂ’, ‘ಬೇಕಂತಲೇ’, ‘ಇಂಥವರೆಲ್ಲ’ ಎಂಬ ಪದ ಬಂದರೆ ಮತ್ತೆ ಬರೆಸುತ್ತೇವೆ. ಮೂರು ತಿಂಗಳು ಮರುಕಳಿಸದಿದ್ದರೆ ಸಾಲಿಗೆ ಕಾಟು.

ದಂಡದ ವಿಷಯ. ಲ್ಯೂ ಸೋದರರ ಒಪ್ಪಂದದಲ್ಲಿ ದೊಡ್ಡ ತಪ್ಪಿಗೆ 500 ನಾಣ್ಯ, ಸಣ್ಣದಕ್ಕೆ 100. ಆದರೆ ಸಣ್ಣ ತಪ್ಪು ಮಾಡಿದವನು ಹೇಳಿದ್ದನ್ನು ಕೇಳಿದರೆ ಅಥವಾ ತಾನೇ ಬಂದು ಒಪ್ಪಿಕೊಂಡರೆ ಬರೆದಿಡುವುದು ಮಾತ್ರ, ದಂಡ ಮಾಫಿ. ಜು ಶಿ ದಂಡವನ್ನೇ ತೆಗೆದ. ನಾವೂ ತೆಗೆದೆವು. ಪಾರ್ಕಿಂಗಿಗೆ 500 ರೂಪಾಯಿ ಎಂದಿಟ್ಟರೆ ದುಡ್ಡಿದ್ದವರು ಅದನ್ನು ಬಾಡಿಗೆ ಎಂದು ತಿಳಿದು ಕೊಟ್ಟುಬಿಡುತ್ತಾರೆ.

ಯಾವುದನ್ನು ಬರೆಯಬಾರದು ಎಂಬುದೇ ಕಷ್ಟದ ಭಾಗ. ಹಳೆಯ ಒಪ್ಪಂದದ ತಪ್ಪುಗಳ ಪಟ್ಟಿಯಲ್ಲಿ ಕುಡಿತ, ಜೂಜಿನಿಂದ ಹಿಡಿದು ಮಾತಿನ ವಿನಯದವರೆಗೆ ಎಲ್ಲವೂ ಇದೆ. ಅದನ್ನು ಇಲ್ಲಿ ಯಥಾವತ್ ತಂದರೆ ಎರಡನೇ ತಿಂಗಳಿಗೇ ‘ಅವರ ಮನೆಯಿಂದ ಮೀನಿನ ವಾಸನೆ’, ‘ಆ ಹುಡುಗಿ ರಾತ್ರಿ ಎಷ್ಟು ಹೊತ್ತಿಗೆ ಬರುತ್ತಾಳೆ’ ಶುರುವಾಗುತ್ತದೆ. ಸಜ್ಜನರು ಹೊಂದಿಕೊಳ್ಳುತ್ತಾರೆ, ಆದರೆ ಒಂದೇ ಥರ ಆಗುವುದಿಲ್ಲ ಎಂಬುದು ಕನ್ಫ್ಯೂಷಿಯಸ್‌ನದೇ ಮಾತು. ಹಳೆಯ ಇತಿಹಾಸಗ್ರಂಥವೊಂದರಲ್ಲಿ ಮಂತ್ರಿ ಯಾನ್‌ಜಿ ಇದನ್ನು ಸಾರಿಗೆ ಹೋಲಿಸುತ್ತಾನೆ: ನೀರಿಗೆ ನೀರನ್ನೇ ಬೆರೆಸಿದರೆ ಯಾರು ಉಣ್ಣುತ್ತಾರೆ? ಊಟ, ಉಡುಪು, ಅತಿಥಿ, ದೇವರು, ಈ ನಾಲ್ಕೂ ನಮ್ಮ ಪುಸ್ತಕಕ್ಕೆ ನಿಷಿದ್ಧ. ಸದ್ದು, ನೀರು, ಕಸ, ದಾರಿ, ಇವಿಷ್ಟಕ್ಕೇ ಅವಕಾಶ.

ಕಷ್ಟದ ಕಲಮಿನಲ್ಲಿ ಬೆಂಕಿ ಪ್ರವಾಹ, ಕಳ್ಳಕಾಕರು, ಕಾಯಿಲೆ, ಸಾವು, ಅನಾಥ ಮಕ್ಕಳು, ಸುಳ್ಳು ಆರೋಪ, ಬಡತನ ಎಂದು ಏಳು ಇವೆ. ಮೊದಲು ಮೂರನ್ನು ಹಿಡಿಯಿರಿ: ಆಸ್ಪತ್ರೆಗೆ ಯಾರ ಕಾರು, ಸಾವಾದ ಮನೆಗೆ ಎಷ್ಟು ಹೊತ್ತಿನ ಊಟ ಯಾರಿಂದ, ಒಂಟಿ ಹಿರಿಯರ ಮನೆಯ ಇನ್ನೊಂದು ಬೀಗದ ಕೈ ಎಲ್ಲಿ. ಹೆಸರು, ನಂಬರು ಬರೆದಿಡಿ.

ಕೆಡುವುದು ಎರಡು ಕಡೆಯಿಂದ. ‘ಇರಲಿ ಬಿಡಿ, ಹೊಂದಿಕೊಂಡು ಹೋಗೋಣ’ ಎಂದು ಪುಸ್ತಕ ತೆರೆಯದೆ ಕಾಫಿ ಕುಡಿದು ಏಳುವುದು ಒಂದು. ಸಾಮರಸ್ಯಕ್ಕಾಗಿಯೇ ಸಾಮರಸ್ಯ ಎಂದು ಹೊರಟು ರೀತಿಯ ಕಟ್ಟು ಬಿಟ್ಟರೆ ನಡೆಯದು ಎಂದು ಕನ್ಫ್ಯೂಷಿಯಸ್‌ನ ಶಿಷ್ಯ ಯೂಜಿ ಆಗಲೇ ಹೇಳಿದ್ದಾನೆ. ಇನ್ನೊಂದು, ಅಸೋಸಿಯೇಷನ್ ಕಮಿಟಿ ಇದನ್ನು ಕೈಗೆ ತೆಗೆದುಕೊಳ್ಳುವುದು. ಚೀನಾದಲ್ಲೂ ಆದದ್ದು ಇದೇ. ಚಿಂಗ್ ರಾಜವಂಶದ ಕಾಲದಲ್ಲಿ ಊರೊಪ್ಪಂದದ ಸಭೆ ಎಂದರೆ 1670ರ ಕಾಂಗ್‌ಶಿ ಚಕ್ರವರ್ತಿಯ ಹದಿನಾರು ಉಪದೇಶ ಓದಿಸುವ ಸರಕಾರಿ ಕಾರ್ಯಕ್ರಮ ಎಂದಾಯಿತು. ಬಂದವರು ಬಂದರು, ಕೇಳಿದವರು ಕಡಿಮೆ.

ಹಟಮಾರಿಗಳ ಬಗ್ಗೆ ವಾಂಗ್‌ನ ಎಚ್ಚರಿಕೆ ಪಾಲಿಸಿ: ತಿದ್ದಲು ಕಷ್ಟವಾದ ಕೇಡನ್ನು ಒಮ್ಮೆಲೇ ಎತ್ತಿ ಹೇಳಿದರೆ ಆತ ನಿಲ್ಲಲು ಜಾಗವಿಲ್ಲದೆ ಇನ್ನಷ್ಟು ಕೆರಳುತ್ತಾನೆ. ಅಂಥವರ ಬಳಿಗೆ ಇಬ್ಬರು ಮನೆಗೇ ಹೋಗಿ ಕೂತು ಮಾತಾಡುವುದು, ಅದೂ ಅವರಿಗೆ ಸಲುಗೆ ಇರುವವರು. ಗೋಡೆಯ ಸೋರಿಕೆಗೆ ಪ್ಲಂಬರ್ ಬೇಕು, ಪುಸ್ತಕ ಬೇಡ. ಮನೆಯೊಳಗೆ ಹೊಡೆತ ಬಡಿತ ಕೇಳಿಸಿದರೆ ತಿಂಗಳ ಸಭೆಯವರೆಗೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ.