ರಸ್ತೆ ಅಗಲ ಮಾಡುವ ಮುಂಚೆ, ದಾಟುವವರನ್ನು ನೋಡಿ

ಹೆದ್ದಾರಿ ಅಗಲ ಮಾಡುತ್ತಾರಂತೆ ಅಂದ ಕೂಡಲೇ ಊರವರು ಕೇಳುವುದು ಎಷ್ಟು ಲೇನು, ಯಾರ ಜಾಗ ಹೋಗುತ್ತೆ ಅಂತ. ಯಾರು ಎಲ್ಲಿ ದಾಟುತ್ತಾರೆ ಅಂತ ಕೇಳುವವರು ಕಡಿಮೆ. ಇಪ್ಪತ್ತೆಂಟು ವರ್ಷ ರಸ್ತೆ ಕೆಲಸ ಮಾಡಿದ ಇಂಜಿನಿಯರ್ ನಾನು. ಈಗ ಯಾವ ಊರವರು ನಕ್ಷೆ ತಂದರೂ ಓದಿಕೊಡುತ್ತೇನೆ. ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ ತಯಾರಾಗುವ ಹಂತದಲ್ಲೇ ಬಾಯಿ ಬಿಡಿ ಅನ್ನುತ್ತೇನೆ. ನಕ್ಷೆಯಲ್ಲಿ ಬಸ್ ಸ್ಟಾಪ್ ಸರಿಸೋಕೆ ಪೆನ್ಸಿಲ್ ಸಾಕು. ಡಾಂಬರು ಬಿದ್ದ ಮೇಲೆ ಹೊಸ ಟೆಂಡರೇ ಬೇಕು.

ಮೊದಲು ಠಾಣೆಯಿಂದ ಮೂರು ವರ್ಷದ ಅಪಘಾತಗಳ ವಿವರ ತೆಗೆದುಕೊಳ್ಳಿ. ಕೊಡದಿದ್ದರೆ ಆರ್‌ಟಿಐ ಹಾಕಿ. 2015ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಷ್ಟ್ರೀಯ ಹೆದ್ದಾರಿಗಳಿಗೆ ಹಾಕಿದ ಲೆಕ್ಕ ಹೀಗಿದೆ: ಸುಮಾರು 500 ಮೀಟರ್ ಉದ್ದದಲ್ಲಿ, 3 ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆದರೆ, ಇಲ್ಲವೇ 10 ಜನ ಸತ್ತರೆ ಅದು ಬ್ಲಾಕ್ ಸ್ಪಾಟ್. ಆದರೆ ಅಷ್ಟು ಜನ ಸಾಯುವವರೆಗೆ ಕಾಯಬೇಕಾ? ಪಂಕ್ಚರ್ ಅಂಗಡಿಯವರನ್ನು, ಟೀ ಅಂಗಡಿಯವರನ್ನು ಕೇಳಿ. ಕೂದಲೆಳೆಯಲ್ಲಿ ತಪ್ಪಿದ್ದೆಲ್ಲ ಅವರಿಗೆ ಗೊತ್ತಿರುತ್ತದೆ.

ಆಮೇಲೆ ಜಾಗಕ್ಕೆ ಹೋಗಿ ಕೂರಿ. ಒಂದೂರಿನಲ್ಲಿ ಬೆಳಗಿನ ಜಾವ ಐದೂವರೆಗೆ ಕೂತಿದ್ದೆ. ಮನೆಗಳೆಲ್ಲ ಈ ಕಡೆ, ಹಾಲಿನ ಡೈರಿ ಆ ಕಡೆ. ಇನ್ನೂ ಕತ್ತಲು. ಒಬ್ಬ ಅಜ್ಜಿ ಕ್ಯಾನ್ ಹಿಡಿದು ಬಂದು ರಸ್ತೆ ಅಂಚಿನಲ್ಲಿ ನಿಂತರು. ಲಾರಿ ಹೋಯಿತು. ಹೆಜ್ಜೆ ಇಟ್ಟರು, ಹಿಂದೆ ಸರಿದರು. ಮತ್ತೊಂದು ಲಾರಿ ಬಂತು. ಎರಡು ಲೇನು ದಾಟೋಕೇ ಇಷ್ಟು ಒದ್ದಾಟ, ನಾಲ್ಕಾದರೆ? ನಕ್ಷೆಯಲ್ಲಿ ಆ ಡೈರಿ ಒಂದು ಸಣ್ಣ ಚೌಕ, ಅಷ್ಟೇ.

ನಕ್ಷೆಯಲ್ಲಿ ಮೀಡಿಯನ್, ಅಂದರೆ ರಸ್ತೆ ನಡುವಿನ ವಿಭಜಕದ ಗೆರೆಯನ್ನೂ ಬೆರಳಿಟ್ಟು ನೋಡಿ. ಹೊಲಕ್ಕೆ ಹೋಗೋಕೆ ಎರಡು ಕಿಲೋಮೀಟರ್ ಸುತ್ತಬೇಕು ಅಂದರೆ ಟ್ರ್ಯಾಕ್ಟರ್ ರಾಂಗ್ ಸೈಡಿನಲ್ಲೇ ಬರುತ್ತದೆ. ಚಾಲಕನನ್ನು ಬೈದು ಪ್ರಯೋಜನವಿಲ್ಲ, ಸರ್ವೀಸ್ ರಸ್ತೆ ಕೇಳಿ. ಅಂಡರ್‌ಪಾಸ್ ಇದ್ದರೆ ಕಬ್ಬಿನ ಲೋಡು ಹೋಗುವಷ್ಟು ಎತ್ತರ ಇದೆಯಾ ನೋಡಿ.

ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಿ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ರಸ್ತೆಯವರು, ಪೊಲೀಸರು, ಆರ್‌ಟಿಓ ಒಟ್ಟಿಗೆ ಸಿಗುವ ಜಾಗ ಅದೊಂದೇ ಅಂದರೂ ತಪ್ಪಿಲ್ಲ. ಬೆಳಗಾವಿ–ಯರಗಟ್ಟಿ ನಡುವಿನ ಸುಮಾರು 62 ಕಿಲೋಮೀಟರ್ ರಸ್ತೆಯಲ್ಲಿ ಇಲಾಖೆಗಳು ಹೀಗೆ ಸೇರಿ ಕೆಲಸ ಮಾಡಿದ್ದವು. ಅಲ್ಲಿ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು.

ಟೆಂಡರ್‌ನಲ್ಲಿ ಕ್ರ್ಯಾಶ್ ಬ್ಯಾರಿಯರ್ (ರಸ್ತೆ ಅಂಚಿನ ತಡೆಬೇಲಿ), ಫುಟ್‌ಪಾತ್, ಬೋರ್ಡು, ದೀಪಗಳಿಗೆ ಬೇರೆ ಬೇರೆ ಸಾಲು ಇರಲಿ. ಎಲ್ಲ ಸೇರಿಸಿ ಒಂದೇ ಮೊತ್ತ ಬರೆದರೆ, ದುಡ್ಡು ಸಾಲದಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ನಾನೇ ಕಣ್ಣಾರೆ ಕಂಡಿದ್ದೇನೆ. ತಿರುವಿನಲ್ಲಿ ಬ್ಯಾರಿಯರ್ ಬಿಟ್ಟರು, ಮುಂದಿನ ಮಳೆಗಾಲದಲ್ಲಿ ಅಲ್ಲೇ ಒಂದು ಬೈಕು ಹಳ್ಳಕ್ಕೆ ಬಿತ್ತು. ಆ ಹುಡುಗನಿಗೆ ಹತ್ತೊಂಬತ್ತು ವರ್ಷ.

ಕೆಲಸ ಮುಗಿದ ಮೇಲೆ ಒಂದು ರಾತ್ರಿ ಕಾರಿನಲ್ಲಿ ನಿಧಾನಕ್ಕೆ ಹೋಗಿ ಬನ್ನಿ. ಬಿಳಿ ಗೆರೆ ಕಾಣದ ಕಡೆ, ಹಂಪ್ ಬೋರ್ಡು ಮರದ ಮರೆಯಲ್ಲಿರುವ ಕಡೆ ಕಿಲೋಮೀಟರ್ ಕಲ್ಲಿನ ನಂಬರ್ ಬರೆದುಕೊಳ್ಳಿ. ಕೆಲಸದ ದೋಷ ಸರಿಪಡಿಸಿಕೊಡಬೇಕಾದ ಗುತ್ತಿಗೆದಾರರ ಹೊಣೆ ಅವಧಿ ಮುಗಿಯುವ ಮುಂಚೆಯೇ ಆ ಪಟ್ಟಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡು ಬನ್ನಿ.