ಅಂಗೈಯಗಲದಲ್ಲಿ ಅಶೋಕವನ

ವಿಜಯಪುರದವರಿಗೆ ಕಾಗದದ ಮೇಲೆ ಬಣ್ಣದಲ್ಲಿ ಬರೆಯುವ ಪುಟ್ಟ ಚಿತ್ರ, ಅಂದರೆ ಮಿನಿಯೇಚರ್, ಹೊಸತಲ್ಲ. ಆದಿಲ್‌ಶಾಹಿ ಕಾಲದಲ್ಲಿ ಇಲ್ಲಿಯದೇ ಒಂದು ಶೈಲಿ ಇತ್ತು. ಆದರೆ ರಾಮಾಯಣವನ್ನು ಪುಟದಲ್ಲಿ ಹೇಗೆ ಕೂಡಿಸಬೇಕೆಂದು ಕಲಿಯಲು ನಾನು ರಾಜಸ್ಥಾನದ ಮೇವಾಡದ ಚಿತ್ರಗಳನ್ನೇ ನೋಡುತ್ತೇನೆ. 1649–53ರಲ್ಲಿ ಸಾಹಿಬ್‌ದೀನ್ ಮತ್ತು ಜೊತೆಗಾರರು ಅಲ್ಲಿ ನೂರಾರು ಚಿತ್ರ ಬರೆದರು.

ಮೊದಲು ಕಾಗದ. ಅರ್ಧ ಕೆಲಸ ಅದರದ್ದೇ. ಕೈಕಾಗದದ ಮೂರ್ನಾಲ್ಕು ಹಾಳೆಗಳನ್ನು ಮೈದಾ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ. ಇದಕ್ಕೆ ‘ವಸ್ಲಿ’ ಎನ್ನುತ್ತಾರೆ. ಹುಳ ಹತ್ತದಿರಲು ಅಂಟಿಗೆ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿ. ನಮ್ಮ ಕಡೆ ದ್ರಾಕ್ಷಿ ತೋಟದವರ ಮನೆಯಲ್ಲಿ ಅದು ಸಿಗುತ್ತದೆ, ಬಳ್ಳಿಯ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೇಕಲ್ವಾ? ವಿಷ ಅದು, ಅಡುಗೆ ಪಾತ್ರೆ ಮುಟ್ಟಬೇಡಿ. ಒಮ್ಮೆ ನಾನು ಮೈಲುತುತ್ತ ಯಾಕೆ ಸುಮ್ನೆ ಅಂತ ಬಿಟ್ಟೆ. ಲಂಕೆಯ ಬೆಂಕಿಗೂ ಉಳಿದ ಹನುಮನ ಬಾಲ ನನ್ನ ಕಪಾಟಿನಲ್ಲಿ ಹುಳದ ಪಾಲಾಯಿತು!

ಹಾಳೆಯನ್ನು ನೆರಳಲ್ಲೇ, ಮೇಲೆ ಭಾರ ಇಟ್ಟು ಒಣಗಿಸಿ. ನಮ್ಮ ಬಿಸಿಲಿಗೆ ಇಟ್ಟರೆ ಹಪ್ಪಳದ ಹಾಗೆ ಡೊಂಕಾಗುತ್ತದೆ. ಆಮೇಲೆ ಗಾಜಿನ ಮೇಲೆ ಬೋರಲು ಹಾಕಿ, ನುಣುಪು ಕಲ್ಲಿನಿಂದ ಬೆನ್ನು ತಿಕ್ಕಿ. ತೋಳು ನೋಯುತ್ತದೆ, ನೋಯಲಿ.

ಇನ್ನು ಪ್ರಸಂಗ. ಹನುಮ ಸೀತೆಗೆ ಉಂಗುರ ಕೊಡುವುದು. ಒಂದೇ ಪುಟದಲ್ಲಿ ಹನುಮನನ್ನು ಎರಡು ಸಲ ಬರೆಯಿರಿ: ಶಿಂಶಪಾ ಮರದಲ್ಲಿ ಅಡಗಿದವನು, ಕೆಳಗೆ ಕೈಮುಗಿದು ನಿಂತವನು. ಮರವೇ ಎರಡು ಗಳಿಗೆಗಳ ನಡುವಿನ ಗೋಡೆ. ಮೇವಾಡದವರು ಕಥೆಯನ್ನು ಹೀಗೇ ನಡೆಸುತ್ತಿದ್ದರು. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ಶಾಲೆಯ ಪಾಠ ಇಲ್ಲಿ ಮರೆತುಬಿಡಿ.

ಮೊದಲ ಗೆರೆ ಜಾಜಿನಿಂದ, ಅಂದರೆ ಕೆಮ್ಮಣ್ಣಿನ ಬಣ್ಣದಿಂದ. ಅದರ ಮೇಲೆ ತೆಳ್ಳಗೆ ಬಿಳಿ ಬಳಿದು, ಮಸುಕಾಗಿ ಕಾಣುವ ಗೆರೆಯನ್ನು ಕಪ್ಪಿನಲ್ಲಿ ತಿದ್ದಿ. ಹಳಬರು ಕೆಂಪಿಗೆ ಇಂಗಳೀಕ, ಹಳದಿಗೆ ಹರಿತಾಳ ಅರೆಯುತ್ತಿದ್ದರು. ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಆರ್ಸೆನಿಕ್. ನಮಗೆ ಪೋಸ್ಟರ್ ಬಣ್ಣವೇ ಸಾಕು. ನೀವೇ ಪುಡಿಬಣ್ಣ ಕಲಸುವುದಾದರೆ ಗೋಂದಿನ ಹದ ನೋಡಿ: ಒಣಗಿದ ಮೇಲೆ ಬೆರಳಿಗೆ ಬಣ್ಣ ಹತ್ತಿದರೆ ಗೋಂದು ಕಡಿಮೆ, ಬಿರುಕು ಬಿಟ್ಟರೆ ಜಾಸ್ತಿ.

ಬಣ್ಣ ತುಂಬಿ ಒಣಗಿದ ಮೇಲೆ ಮತ್ತೆ ಬೆನ್ನು ತಿಕ್ಕಿ. ಬಣ್ಣ ಕಾಗದಕ್ಕೆ ಕೂರುತ್ತದೆ, ಹೊಳಪೂ ಬರುತ್ತದೆ.

ಹಿಂದೆ ಅಳಿಲಿನ ಬಾಲದ ಕೂದಲಿನ ಕುಂಚ ಇತ್ತು. ಪಾಪ, ಅಳಿಲನ್ನು ಬಿಡಿ. ಮೂರು ಸೊನ್ನೆ ನಂಬರಿನ ನೈಲಾನ್ ಬ್ರಷ್ ತನ್ನಿ. ಒಡವೆ, ಎಲೆ, ಸೀರೆಯ ಅಂಚು ಎಲ್ಲಾ ಮುಗಿಸಿ. ಸೀತೆಯ ಕಣ್ಣು ಮಾತ್ರ ಕೊನೆಗೆ, ಬೆಳಗಿನ ಬೆಳಕಿನಲ್ಲಿ, ಚಹಾ ಕುಡಿಯುವ ಮೊದಲು. ಕುಡಿದರೆ ನನ್ನ ಕೈ ನಡುಗುತ್ತದೆ.