ಪಿಚ್ ಎಸೆಯುವ ಹುಡುಗನ ಕಾಲು ಮೊದಲು ಗಟ್ಟಿಯಾಗಲಿ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಸುತ್ತಲಿನ ಊರುಗಳಲ್ಲಿ ಕನ್ನಡದ ಮನೆಗಳ ಮಕ್ಕಳೂ ಈಗ ಬೇಸ್‌ಬಾಲ್ ಆಡುತ್ತಾರೆ. ಕ್ರಿಕೆಟ್‌ನ ಬೌಲರ್ ಇದ್ದಂತೆ, ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವವನು ಇಲ್ಲಿ ಪಿಚರ್; ಆ ಎಸೆತವೇ ಪಿಚ್. ನಾನು ಇಲ್ಲಿ ಫಿಸಿಯೊಥೆರಪಿಸ್ಟ್, ಸಂಜೆ ಹೊತ್ತು ಹೈಸ್ಕೂಲು ಹುಡುಗರಿಗೆ ತೂಕದ ವ್ಯಾಯಾಮ ಕಲಿಸುತ್ತೇನೆ. ಹಿಂದೆ ದಾವಣಗೆರೆಯಲ್ಲಿ ವೇಗದ ಬೌಲಿಂಗ್ ಮಾಡುತ್ತಿದ್ದವನು. ಮಗನನ್ನು ಕರೆತರುವ ಅಪ್ಪಂದಿರು ಕೇಳುವುದು, 'ಇವನ ತೋಳಿಗೆ ಬಲ ಬರಲು ಏನು ಮಾಡಿಸುತ್ತೀರಿ?' ಅಮ್ಮಂದಿರು ಕೇಳುವುದು, 'ಈ ವಯಸ್ಸಿಗೇ ತೂಕ ಎತ್ತಿದರೆ ಕುಳ್ಳಗೇ ಉಳಿದುಬಿಡುವುದಿಲ್ಲವೇ?'

ಅಮ್ಮಂದಿರ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಉಳಿಯುವುದಿಲ್ಲ. ಬಲ್ಲವರ ಕಣ್ಣೆದುರು, ಸರಿಯಾದ ಕ್ರಮದಲ್ಲಿ ಮಾಡಿದರೆ ತೂಕದ ವ್ಯಾಯಾಮ ಮಕ್ಕಳ ಬೆಳವಣಿಗೆಗೆ ಅಡ್ಡಿಯಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ. ಹದಿಹರೆಯದ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಗ್ರೋತ್ ಪ್ಲೇಟ್ ಇರುವುದು ನಿಜ. ಆದರೆ ಅದಕ್ಕೆ ಪೆಟ್ಟು ಬೀಳುವುದನ್ನು ನಾನು ಹೆಚ್ಚಾಗಿ ಕಾಣುವುದು ಮೊಣಕೈಯ ಒಳಮಗ್ಗುಲಲ್ಲಿ, ಎಸೆದೆಸೆದು. 'ಲಿಟಲ್ ಲೀಗ್ ಎಲ್ಬೋ' (ಲಿಟಲ್ ಲೀಗ್ ಎಂದರೆ ಮಕ್ಕಳ ಬೇಸ್‌ಬಾಲ್, ಎಲ್ಬೋ ಎಂದರೆ ಮೊಣಕೈ) ಎಂಬ ಹೆಸರು ಹುಟ್ಟಿದ್ದೇ ಅದರಿಂದ. ಇಪ್ಪತ್ತು ಪೌಂಡಿನ ಡಂಬೆಲ್ ಕಂಡು ಗಾಬರಿಯಾಗುವ ಮನೆಯವರು ಶನಿವಾರ ಒಂದೇ ದಿನ ಎರಡು ಪಂದ್ಯಗಳಲ್ಲಿ ಪಿಚ್ ಮಾಡಿಸುವುದಕ್ಕೆ ಹಿಂದೆಮುಂದೆ ನೋಡುವುದಿಲ್ಲ.

ಇನ್ನು ಅಪ್ಪಂದಿರ ಪ್ರಶ್ನೆ. ಚೆಂಡಿನ ತೂಕ ಐದು ಔನ್ಸ್‌ಗಿಂತ ತುಸು ಹೆಚ್ಚು, ಸುಮಾರು 145 ಗ್ರಾಂ. ನಮ್ಮ ಕ್ರಿಕೆಟ್ ಚೆಂಡಿಗಿಂತಲೂ ಹಗುರ. ಅದನ್ನು ಎಸೆಯಲು ದಪ್ಪ ತೋಳು ಬೇಕಿಲ್ಲ. ಹಿಂಗಾಲು ನೆಲವನ್ನು ಒದೆಯುತ್ತದೆ, ಸೊಂಟ ತಿರುಗುತ್ತದೆ, ಎದೆ ಅದರ ಹಿಂದೆ ತಿರುಗುತ್ತದೆ, ತೋಳು ಕೊನೆಗೆ ಬರುತ್ತದೆ. ಸೊಂಟ ಕೊಡಬೇಕಾದ್ದನ್ನು ಕೊಡದಿದ್ದರೆ ಮೊಣಕೈ ಸಾಲ ತಂದು ತುಂಬುತ್ತದೆ. ನಮ್ಮ ಟೆಕ್ಸಾಸ್‌ನವರೇ ಆದ ಹೆಸರಾಂತ ಪಿಚರ್ ನೋಲನ್ ರಯಾನ್, ತೂಕ ಎತ್ತಿದರೆ ಪಿಚರ್ ಕೆಡುತ್ತಾನೆ ಎಂದು ಹಳಬರು ನಂಬಿದ್ದ ಕಾಲದಲ್ಲೇ ತೂಕ ಎತ್ತಿದವರು. ಪಂದ್ಯ ಮುಗಿದ ಮೇಲೂ ವ್ಯಾಯಾಮದ ಸೈಕಲ್ ತುಳಿಯುತ್ತಿದ್ದರು. ಏಳನೆಯ ನೋ-ಹಿಟರ್, ಅಂದರೆ ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ, ಎಸೆದದ್ದು 1991ರಲ್ಲಿ, 44ನೆಯ ವಯಸ್ಸಿನಲ್ಲಿ.

ಆದ್ದರಿಂದ ವ್ಯಾಯಾಮ ಕಲಿಯಲು ನನ್ನ ಮನೆಯ ಗ್ಯಾರೇಜಿಗೆ ಬಂದ ಹುಡುಗ ಮೊದಲು ತನ್ನ ಮೈಭಾರವನ್ನೇ ಆಳುವುದನ್ನು ಕಲಿಯಬೇಕು. ಹಿಮ್ಮಡಿ ಏಳದೆ ಪೂರ್ತಿ ಬಸ್ಕಿ, ಸೊಂಟ ಜೋತುಬೀಳದ ಹತ್ತು ಪುಷ್-ಅಪ್, ಮೊಣಕೈ, ಕಾಲ್ಬೆರಳು ಊರಿ ಮೈಯನ್ನು ಹಲಗೆಯಂತೆ ಹಿಡಿಯುವ ಪ್ಲ್ಯಾಂಕ್ ಅರ್ಧ ನಿಮಿಷ ಅಲುಗಾಡದೆ, ಒಂಟಿ ಕಾಲಿನಲ್ಲಿ ತಡವರಿಸದೆ ನಿಲ್ಲುವುದು. ಇಷ್ಟು ಬಂದ ಮೇಲೆಯೇ ಡಂಬೆಲ್. ಆರಡಿ ಎತ್ತರದ ಹುಡುಗರೂ ಎಷ್ಟೋ ಜನ ಬಸ್ಕಿಯಲ್ಲೇ ಸಿಕ್ಕಿಬೀಳುತ್ತಾರೆ. ಊರಿನ ಗರಡಿಯ ಉಸ್ತಾದರು ಇವರನ್ನು ಕಂಡಿದ್ದರೆ ಮಣ್ಣಿಗೆ ಇಳಿಸುತ್ತಲೇ ಇರಲಿಲ್ಲ.

ಮುಂದೆ ಕಲಿಸುವುದು ಸೊಂಟದಿಂದ ಬಾಗುವುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಆದ್ದರಿಂದ ತುಸು ವಿವರವಾಗಿ ಹೇಳುತ್ತೇನೆ. ಒಂದು ಪೊರಕೆ ಕೋಲು ತನ್ನಿ. ಹುಡುಗ ಅದನ್ನು ಬೆನ್ನಿನ ಉದ್ದಕ್ಕೂ ಹಿಡಿದುಕೊಳ್ಳಲಿ: ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲಮೂಳೆ, ಈ ಮೂರೂ ಕೋಲಿಗೆ ತಾಗಿರಬೇಕು. ಗೋಡೆಗೆ ಬೆನ್ನು ಮಾಡಿ, ಅದರಿಂದ ಒಂದು ಅಡಿ ಮುಂದೆ ನಿಲ್ಲಲಿ. ಮಂಡಿಯನ್ನು ಒಂದಿಷ್ಟೇ ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಲಿ. ಬೆನ್ನು ಗೂನಾದರೆ ತಲೆ ಅಥವಾ ಬಾಲಮೂಳೆ ಕೋಲಿನಿಂದ ಬಿಟ್ಟುಕೊಳ್ಳುತ್ತದೆ. ಹೇಳಿಕೊಡುವವರು ಬೇರೆ ಬೇಕಿಲ್ಲ, ಅವನಿಗೇ ತಿಳಿಯುತ್ತದೆ. ತೊಡೆಯ ಹಿಂಭಾಗ ಹಗ್ಗದಂತೆ ಬಿಗಿಯಾದಾಗ ಸರಿಯಾಯಿತೆಂದು ಅರ್ಥ. ದಿನವೂ ಎರಡು ಸಲ, ಹತ್ತತ್ತು ಬಾರಿ. ಇದು ನೀರು ಕುಡಿದಷ್ಟು ಸಲೀಸಾದ ಮೇಲೆ ಕೈಗೆ ಕೆಟಲ್‌ಬೆಲ್ (ಹಿಡಿಕೆಯಿರುವ ಕಬ್ಬಿಣದ ಗುಂಡು) ಕೊಟ್ಟು, ಹೀಗೇ ಬಾಗಿ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಮಾಡಿಸಿ. ಅಲ್ಲಿಯವರೆಗೆ ಕಬ್ಬಿಣದ ಬಾರ್ ಮುಟ್ಟಿಸಬೇಡಿ.

ಉಳಿದ ಪಟ್ಟಿ ಚಿಕ್ಕದು. ಡಂಬೆಲನ್ನು ಎದೆಗೆ ಅವುಚಿಕೊಂಡು ಮಾಡುವ ಗಾಬ್ಲೆಟ್ ಸ್ಕ್ವಾಟ್, ಒಂದು ಕಾಲು ಮುಂದಿಟ್ಟು ಇಳಿಯುವ ಸ್ಪ್ಲಿಟ್ ಸ್ಕ್ವಾಟ್, ಬಾಗಿ ನಿಂತು ಡಂಬೆಲನ್ನು ಪಕ್ಕೆಯತ್ತ ಎಳೆಯುವ ಡಂಬೆಲ್ ರೋ, ಪುಲ್-ಅಪ್, ಪುಷ್-ಅಪ್, ಎರಡೂ ಕೈಯಲ್ಲಿ ಭಾರ ಹಿಡಿದು ನೆಟ್ಟಗೆ ನಡೆಯುವುದು. ಎಲ್ಲವೂ ಎರಡು ಅಥವಾ ಮೂರು ಸೆಟ್, ಸೆಟ್‌ಗೆ ಎಂಟರಿಂದ ಹನ್ನೆರಡು. ಇನ್ನೂ ಎರಡು ಮೂರು ಸಲ ಎತ್ತಬಲ್ಲೆ ಎನ್ನಿಸುವಾಗಲೇ ಇಳಿಸಿಬಿಡಬೇಕು. ಅಷ್ಟೂ ಸಲ ಅಚ್ಚುಕಟ್ಟಾಗಿ ಬಂದರೆ ಮುಂದಿನ ವಾರ ಶೇ 5ರಿಂದ 10ರಷ್ಟು ಭಾರ ಹೆಚ್ಚಿಸಿ. ಒಂದೇ ಏಟಿಗೆ ಎಷ್ಟು ಎತ್ತಬಲ್ಲೆ ಎಂಬ ಪರೀಕ್ಷೆ ಬೇಡವೇ ಬೇಡ. ಮಲಗಿ ಎದೆಯ ಮೇಲಿಂದ ಭಾರ ತಳ್ಳುವ ಬೆಂಚ್ ಪ್ರೆಸ್ ಬಗ್ಗೆ ಹುಡುಗರಿಗಿರುವ ಮೋಹ ಕನ್ನಡಿಗೆ ಸಂಬಂಧಿಸಿದ್ದು, ಆಟಕ್ಕಲ್ಲ. ತಳ್ಳುವ ವ್ಯಾಯಾಮ ಒಂದಾದರೆ ಎಳೆಯುವುದು ಎರಡಿರಲಿ. ಎಸೆದ ತೋಳಿಗೆ ಬ್ರೇಕ್ ಹಾಕುವುದು ಬೆನ್ನಿನ ಕಡೆಯ ಸ್ನಾಯುಗಳೇ.

ತಿರುಗುವ ಬಲಕ್ಕೆ ನಾಲ್ಕರಿಂದ ಆರು ಪೌಂಡಿನ ಮೆಡಿಸಿನ್ ಬಾಲ್ (ವ್ಯಾಯಾಮದ ದೊಡ್ಡ ಭಾರದ ಚೆಂಡು) ಸಾಕು. ಗೋಡೆಗೆ ಪಕ್ಕವಾಗಿ ನಿಂತು, ಹಿಂಗಾಲಿನಿಂದ ಒದ್ದು, ಸೊಂಟ ತಿರುಗಿಸಿ ಗೋಡೆಗೆ ಅಪ್ಪಳಿಸುವುದು. ಎರಡೂ ಪಕ್ಕಕ್ಕೆ ಐದೈದು ಸಲ. ಸದ್ದು ಮೆತ್ತಗಾಗುತ್ತಿದ್ದಂತೆ ನಿಲ್ಲಿಸಿ. ಪಿಚಿಂಗಿಗೂ ಬ್ಯಾಟಿಂಗಿಗೂ ಇದಕ್ಕಿಂತ ಹತ್ತಿರದ ವ್ಯಾಯಾಮ ನನಗೆ ಗೊತ್ತಿಲ್ಲ.

ಭುಜಕ್ಕೆ ರಬ್ಬರ್ ಬ್ಯಾಂಡ್. ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟು, ಮುಂಗೈಯನ್ನು ಹೊರಕ್ಕೆ ತೆರೆದು, ಮೂರು ಎಣಿಸುತ್ತ ನಿಧಾನವಾಗಿ ವಾಪಸು ತರುವುದು. ಹದಿನೈದು ಸಲ. ಟವೆಲ್ ಕೆಳಗೆ ಬಿದ್ದರೆ ಅಥವಾ ಹುಡುಗ ಹಲ್ಲು ಕಚ್ಚುತ್ತಿದ್ದರೆ ಬ್ಯಾಂಡ್ ಅತಿ ಬಿಗಿಯಾಗಿದೆ ಎಂದರ್ಥ. ಇವು ಸಣ್ಣ ಸ್ನಾಯುಗಳು, ಇಲ್ಲಿ ಹೆಗ್ಗಳಿಕೆಗೆ ಜಾಗವಿಲ್ಲ.

ಮಾಮೂಲಿಗಿಂತ ಭಾರದ ಬೇಸ್‌ಬಾಲ್ ಚೆಂಡು ಎಸೆಸಿ ವೇಗ ಹೆಚ್ಚಿಸುತ್ತೇವೆ ಎನ್ನುವವರು ಈಗ ಎಲ್ಲೆಲ್ಲೂ ಇದ್ದಾರೆ. ವೇಗ ಹೆಚ್ಚುವುದು ಸುಳ್ಳಲ್ಲ. ಆದರೆ 13ರಿಂದ 18 ವರ್ಷದ ಪಿಚರ್‌ಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಭಾರದ ಚೆಂಡು ಎಸೆದ ಗುಂಪಿನ ಶೇ 24 ಮಂದಿಗೆ ಗಾಯವಾಯಿತು. ಹೈಸ್ಕೂಲು ಹುಡುಗನಿಗೆ ನಾನಂತೂ ಕೊಡುವುದಿಲ್ಲ.

ಈಗ ಕ್ಯಾಲೆಂಡರ್. ಇಲ್ಲಿ ಶಾಲಾ ಪಂದ್ಯಗಳು ಫೆಬ್ರವರಿಯಿಂದ ಮೇವರೆಗೆ. ಬಳಿಕ ಊರೂರು ಸುತ್ತಿ ಆಡುವ ಬೇಸಿಗೆಯ ಟ್ರಾವೆಲ್ ತಂಡ, ಅದಾದ ಮೇಲೆ ಶರತ್ಕಾಲದ ಪಂದ್ಯಗಳು. ಟೆಕ್ಸಾಸ್‌ನ ಚಳಿ ಹೆಸರಿಗಷ್ಟೇ, ಆಡುವವರಿಗೆ ಬಿಡುವೇ ಸಿಗುವುದಿಲ್ಲ. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ನಡೆಸುವ ಮೇಜರ್ ಲೀಗ್ ಮತ್ತು ಆಟದ ರಾಷ್ಟ್ರೀಯ ಸಂಸ್ಥೆ ಯುಎಸ್ಎ ಬೇಸ್‌ಬಾಲ್ ಸೇರಿ ರೂಪಿಸಿದ ಪಿಚ್ ಸ್ಮಾರ್ಟ್ ನಿಯಮಗಳು ವರ್ಷಕ್ಕೆ ನಾಲ್ಕು ತಿಂಗಳು ಪಂದ್ಯಗಳಲ್ಲಿ ಪಿಚ್ ಮಾಡುವುದನ್ನು ಬಿಡಬೇಕೆನ್ನುತ್ತವೆ, ಅದರಲ್ಲಿ ಎರಡು ಮೂರು ತಿಂಗಳು ಒಂದೇ ಸಮನೆ ಎಸೆತವನ್ನೇ ಬಿಡಬೇಕು. ನವೆಂಬರಿನಿಂದ ಜನವರಿಯವರೆಗಿನ ಅವಧಿ ಇದಕ್ಕೆ ಹೇಳಿಮಾಡಿಸಿದ್ದು. ಮೊದಲೆರಡು ತಿಂಗಳು ಚೆಂಡು ಮುಟ್ಟದೆ ವಾರಕ್ಕೆ ಮೂರು ದಿನ ತೂಕ ಎತ್ತಲಿ, ಜನವರಿಯಲ್ಲಿ ನಿಧಾನವಾಗಿ ಎಸೆಯಲು ಶುರುಮಾಡಲಿ. ಪಂದ್ಯದ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನ, ಅರ್ಧ ಗಂಟೆ ಸಾಕು. ಪಿಚ್ ಮಾಡಿದ ಮರುದಿನ ಕಾಲಿನ ವ್ಯಾಯಾಮ ಮಾಡಬಹುದು, ಹಿಂದಿನ ದಿನ ಕೂಡದು.

ಎಸೆತಗಳನ್ನು ನೀವೇ ಎಣಿಸಿ, ತಂಡದವರ ಲೆಕ್ಕವನ್ನು ನೆಚ್ಚಬೇಡಿ. ಅದೇ ಪಿಚ್ ಸ್ಮಾರ್ಟ್ ಪ್ರಕಾರ 13ರಿಂದ 16 ವರ್ಷದವರಿಗೆ ದಿನಕ್ಕೆ ಗರಿಷ್ಠ 95 ಪಿಚ್, 17-18ರವರಿಗೆ 105. 15-16ರ ಹುಡುಗ 76 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಒಂದೇ ದಿನ ಪಿಚರ್, ಕ್ಯಾಚರ್ (ಕ್ರಿಕೆಟ್‌ನ ವಿಕೆಟ್ ಕೀಪರ್ ಇದ್ದಂತೆ) ಎರಡೂ ಆಗಬಾರದು. ತೋಳು ದಣಿದಿದ್ದರೂ ಮತ್ತೆ ಮತ್ತೆ ಪಿಚ್ ಮಾಡಿದ ಹುಡುಗರು ಶಸ್ತ್ರಚಿಕಿತ್ಸೆಯವರೆಗೆ ಹೋಗುವ ಸಂಭವ 36 ಪಟ್ಟು ಹೆಚ್ಚು ಎಂದು 2006ರ ಅಧ್ಯಯನವೊಂದು ಕಂಡುಕೊಂಡಿತ್ತು. ತಾಯಿಯ ಕಡೆಯಿಂದ ಭಾರತೀಯ ಮೂಲದವರಾದ ಟೆಕ್ಸಾಸ್ ರೇಂಜರ್ಸ್ ತಂಡದ ಪಿಚರ್ ಕುಮಾರ್ ರಾಕರ್ ಕೂಡ 2023ರಲ್ಲಿ ಮೊಣಕೈಯ ಹಾಳಾದ ಲಿಗಮೆಂಟನ್ನು ಮತ್ತೆ ಕಟ್ಟುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಮೇಜರ್ ಲೀಗಿನಲ್ಲಿ ಮೊದಲ ಪಂದ್ಯ ಆಡಿದ್ದು 2024ರಲ್ಲಿ. ಅವರ ಹಿಂದೆ ತಂಡದ ವೈದ್ಯರ ದಂಡೇ ಇತ್ತು, ನಿಮ್ಮ ಮಗನ ಹಿಂದೆ ಇರುವುದು ನಿಮ್ಮ ವಿಮೆ.

ಬಾಗಿಲ ಚೌಕಟ್ಟಿನಲ್ಲಿ ತಿಂಗಳಿಗೊಮ್ಮೆ ಎತ್ತರ ಗುರುತು ಹಾಕಿಡಿ. ಗಂಡುಮಕ್ಕಳು ಸಾಮಾನ್ಯವಾಗಿ 13-14ರಲ್ಲಿ ಸರ್ರನೆ ಬೆಳೆಯುತ್ತಾರೆ. ಆಗ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ಮಂಡಿಯ ಕೆಳಗೆ ನೋವು ಬರಬಹುದು. ಆ ತಿಂಗಳುಗಳಲ್ಲಿ ಭಾರ ಇಳಿಸಿ, ಕೋಲು ಹಿಡಿದು ಬಾಗುವುದಕ್ಕೆ ಮರಳಿ.

ಊಟದ ವಿಷಯದಲ್ಲಿ ಸಸ್ಯಾಹಾರಿ ಮನೆಯವರು ಸುಮ್ಮನೆ ಕೀಳರಿಮೆ ಪಡುತ್ತಾರೆ. ಅರುವತ್ತು ಕಿಲೋ ತೂಗುವ ಹುಡುಗನಿಗೆ ದಿನಕ್ಕೆ 75ರಿಂದ 95 ಗ್ರಾಂ ಪ್ರೋಟೀನ್ ಸಾಕು. ಎರಡು ಲೋಟ ಹಾಲು, ಒಂದು ಬಟ್ಟಲು ಗ್ರೀಕ್ ಮೊಸರು, ನೂರು ಗ್ರಾಂ ಪನೀರ್, ಎರಡು ಹೊತ್ತು ಗಟ್ಟಿ ಬೇಳೆ ಅಥವಾ ಹೆಸರುಕಾಳಿನ ಉಸಲಿ, ಒಂದು ಹಿಡಿ ಕಡಲೆಬೀಜ ಇದ್ದರೆ ಲೆಕ್ಕ ಸರಿಹೋಗುತ್ತದೆ. ತಿಳಿಸಾರು ಅನ್ನ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಸ್ನಾಯುಬಲಕ್ಕೆಂದು ಡಬ್ಬಿಯಲ್ಲಿ ಮಾರುವ ಕ್ರಿಯಾಟಿನ್ ಪುಡಿ 18ರೊಳಗಿನವರಿಗೆ ಬೇಡವೆಂದು ಮಕ್ಕಳ ವೈದ್ಯರೇ ಹೇಳುತ್ತಾರೆ.

ಕೊನೆಯದಾಗಿ ನೋವು. ತೂಕ ಎತ್ತಿದ ಎರಡು ದಿನ ತೊಡೆ ನೋಯುವುದು ಸಹಜ. ಮೊಣಕೈಯ ಒಳಮಗ್ಗುಲನ್ನು ಬೆರಳಿನಿಂದ ಒತ್ತಿದರೆ ನೋಯುತ್ತಿದ್ದರೆ, ಉಂಗುರ ಬೆರಳು ಕಿರುಬೆರಳು ಜೋಮು ಹಿಡಿಯುತ್ತಿದ್ದರೆ, ಎಸೆಯುವ ತೋಳನ್ನು ಪೂರ್ತಿ ಚಾಚಲು ಆಗದಿದ್ದರೆ ಅದೇ ದಿನ ಎಸೆತ ನಿಲ್ಲಿಸಿ, ಮಕ್ಕಳ ಮೂಳೆಗಳ ಪರಿಚಯವಿರುವ ವೈದ್ಯರಿಗೆ ತೋರಿಸಿ. ಎಕ್ಸ್-ರೇ ತೆಗೆಸುವುದಾದರೆ ಎರಡೂ ಮೊಣಕೈಗಳದ್ದು ಬೇಕೇ ಎಂದು ಕೇಳಿ. ಇನ್ನೂ ಬೆಳೆಯುತ್ತಿರುವ ಮೂಳೆಯಲ್ಲಿ ಗ್ರೋತ್ ಪ್ಲೇಟ್ ಅಗಲವಾಗಿದೆಯೇ ಎಂಬುದು ಪಕ್ಕದಲ್ಲಿ ಇನ್ನೊಂದು ಕೈಯ ಚಿತ್ರವಿದ್ದರೆ ಸ್ಪಷ್ಟವಾಗಿ ತಿಳಿಯುತ್ತದೆ.